ಅವ್ವನ ರೆಟಿನಾ ತಪಾಸಣೆಗೆ ಮೈಸೂರು: ಒಂದು ರಾತ್ರಿ ಉಳಿದು ಊರು ತೋರಿಸುವುದು ಹೇಗೆ?

ರೋಬಸ್ಟಾ ಮನೆ:
ನಾನು ಕೊಡಗಿನ ಅಮ್ಮತ್ತಿ ಕಡೆಯವಳು. ಅವ್ವನಿಗೆ ಎಪ್ಪತ್ತು ದಾಟಿದೆ, ಶುಗರ್ ಬಂದು ಎಷ್ಟೋ ವರ್ಷ ಆಯಿತು. ವಿರಾಜಪೇಟೆ ಡಾಕ್ಟರು ರೆಟಿನಾ, ಅಂದರೆ ಕಣ್ಣಿನ ಒಳಪರದೆ, ಒಮ್ಮೆ ಮೈಸೂರಲ್ಲಿ ತೋರಿಸಿಬಿಡಿ ಅಂದರು. ಮುಂದಿನ ಮಂಗಳವಾರ ಬೆಳಿಗ್ಗೆ 11ಕ್ಕೆ ಟೈಮ್ ಸಿಕ್ಕಿದೆ. ಆಸ್ಪತ್ರೆ ಕುವೆಂಪುನಗರದ ಹತ್ತಿರ.

ಅವ್ವ ಮನೆ ಬಿಟ್ಟು ಹೊರಗೆ ಹೋಗುವುದೇ ಕಮ್ಮಿ. ಮದುವೆ, ತಿಥಿ, ಆಸ್ಪತ್ರೆ, ಅಷ್ಟೇ. ಹೇಗೂ ಅಷ್ಟು ದೂರ ಹೋಗುತ್ತೇವಲ್ಲ, ಸ್ವಲ್ಪ ಊರು ತೋರಿಸಿಕೊಂಡು ಬರೋಣ ಅಂತ ಆಸೆ. ಕಾರು ನಾನೇ ಓಡಿಸುತ್ತೇನೆ. ಯಜಮಾನರು ಬರುವ ಹಾಗಿಲ್ಲ. ಕಣದಲ್ಲಿ ಕಾಫಿ ಹರಡಿದೆ, ಮೋಡ ಬೇರೆ ಆಗಾಗ ಕಟ್ಟುತ್ತಿದೆ, ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚುವುದಕ್ಕೆ ಮನೆಯವರು ಒಬ್ಬರು ನಿಂತಿರಲೇಬೇಕು.

ನನ್ನ ಪ್ಲಾನ್ ಹೀಗಿದೆ. ಮಂಗಳವಾರ ಬೆಳಿಗ್ಗೆ 7ಕ್ಕೆ ಹೊರಟು 10ರ ಹೊತ್ತಿಗೆ ಆಸ್ಪತ್ರೆ. ಮಧ್ಯಾಹ್ನ ಮುಗಿದರೆ ಊಟ ಮಾಡಿ ಝೂ. ಸಂಜೆ ದೇವರಾಜ ಮಾರ್ಕೆಟ್. ರಾತ್ರಿ ಲಾಡ್ಜ್‌ನಲ್ಲಿ ಉಳಿದು ಬುಧವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ, ಆಮೇಲೆ ವಾಪಸ್. ಇದು ಜಾಸ್ತಿ ಆಯಿತಾ? ವಯಸ್ಸಾದವರನ್ನು ಹೀಗೆ ಕರೆದುಕೊಂಡು ಹೋದವರು ಯಾರಾದರೂ ಇದ್ದರೆ ಹೇಳಿ.

ಹಿನಕಲ್ ಸರ್ಕಲ್:
ಮಂಗಳವಾರ ಝೂ ರಜೆ ಅಕ್ಕ. ಪಕ್ಕದ ಕಾರಂಜಿ ಕೆರೆಯೂ ರಜೆ. ಊರಿಂದ ಮಕ್ಕಳನ್ನು ಕಟ್ಟಿಕೊಂಡು ಬಂದು ಗೇಟ್ ಮುಂದೆ ನಿಂತು ವಾಪಸ್ ಹೋಗುವವರನ್ನು ಪ್ರತಿ ವಾರ ನೋಡುತ್ತೇನೆ, ಅದರಲ್ಲಿ ಅರ್ಧ ನಮ್ಮ ಕಡೆಯವರೇ.

ಬೆಟ್ಟಕ್ಕೂ ಮಂಗಳವಾರ, ಶುಕ್ರವಾರ ಜನ ಜಾಸ್ತಿ. ನೀವು ಬುಧವಾರ ಇಟ್ಟುಕೊಂಡಿದ್ದೀರಿ, ಅದು ಪರವಾಗಿಲ್ಲ. ಮೇಲಿನವರೆಗೂ ಕಾರು ಹೋಗುತ್ತದೆ. ಮೆಟ್ಟಿಲು ಸಾವಿರ ಇದೆ, ಅದರ ಸುದ್ದಿಯನ್ನೇ ಎತ್ತಬೇಡಿ.

ಕಿತ್ತಳೆ ತೋಟ:
ಝೂ ತೆರೆದಿದ್ದರೂ ಅವತ್ತು ಕರೆದುಕೊಂಡು ಹೋಗಬೇಡಿ. ನಾನು ಕಣ್ಣಿನ ವಿಭಾಗದಲ್ಲಿ ನರ್ಸ್ ಆಗಿದ್ದವಳು, ಈಗ ರಿಟೈರ್ಡ್, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ರೆಟಿನಾ ನೋಡಬೇಕು ಅಂದರೆ ಕಣ್ಣಿನ ಪಾಪೆ ದೊಡ್ಡದಾಗಬೇಕು. ಅದಕ್ಕೆ ಡ್ರಾಪ್ಸ್ ಹಾಕುತ್ತಾರೆ. ಒಂದೇ ಸಲಕ್ಕೆ ಆಗುವುದಿಲ್ಲ, ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಹಾಕುತ್ತಾರೆ, ಶುಗರ್ ಇದ್ದವರಿಗೆ ಪಾಪೆ ಬೇಗ ಅರಳುವುದಿಲ್ಲ, ಹಾಗಾಗಿ ಮೂರನೇ ಸಲವೂ ಹಾಕಬೇಕಾಗಬಹುದು. ಬೆಂಚಿನ ಮೇಲೆ ಸಾಲಾಗಿ ಕಣ್ಣು ಮುಚ್ಚಿ ಕೂತಿರುತ್ತಾರೆ, ಕೆನ್ನೆ ಮೇಲೆ ಇಳಿದದ್ದನ್ನು ಸೆರಗಲ್ಲಿ ಒರೆಸಿಕೊಳ್ಳುತ್ತಾ. ಯಾರೋ ಒಬ್ಬರು ನಡುವೆ ಕಣ್ಣು ಬಿಟ್ಟು ಮೊಬೈಲ್ ನೋಡಲು ಹೋಗಿ ಏನೂ ಕಾಣದೆ ಗಾಬರಿ ಆಗುತ್ತಾರೆ. ಒಟ್ಟು ಅರ್ಧ ಗಂಟೆ, ಮುಕ್ಕಾಲು ಗಂಟೆ ಅದಕ್ಕೇ ಹೋಗುತ್ತದೆ. ಆಮೇಲೆ ಡಾಕ್ಟರು ನೋಡುವುದು, ಒಸಿಟಿ ಅಂತ ಒಂದು ಫೋಟೋ ತೆಗೆಯುವುದು, ಮತ್ತೆ ಡಾಕ್ಟರ ಹತ್ತಿರ. 11ರ ಟೈಮ್ ಅಂದರೆ ಮಧ್ಯಾಹ್ನ 2 ಆಗುತ್ತದೆ ಅಂತಲೇ ಇಟ್ಟುಕೊಳ್ಳಿ.

ಮುಖ್ಯ ವಿಷಯ ಅದರ ನಂತರದ್ದು. ಡ್ರಾಪ್ಸ್ ಹಾಕಿದ ಮೇಲೆ ನಾಲ್ಕರಿಂದ ಆರು ಗಂಟೆ ಹತ್ತಿರದ್ದು ಮಸುಕು, ಬೆಳಕು ಕಂಡರೆ ಕಣ್ಣು ಕುಕ್ಕುತ್ತದೆ. ಕೆಲವರಿಗೆ ಇನ್ನೂ ಜಾಸ್ತಿ ಹೊತ್ತು. ಈಗಿನ ಮೈಸೂರು ಬಿಸಿಲಲ್ಲಿ ಝೂ ಒಳಗೆ ನಿಮ್ಮ ಅವ್ವ ಹುಲಿಯನ್ನೂ ನೋಡುವುದಿಲ್ಲ, ನೆಲವನ್ನೂ ನೋಡುವುದಿಲ್ಲ. ಮಾರ್ಕೆಟ್ ಅಂತೂ ಬೇಡವೇ ಬೇಡ, ಅಲ್ಲಿ ನೆಲ ಒಂದೇ ಸಮ ಇಲ್ಲ, ಹೂವಿನ ನೀರು, ಬಾಳೆಲೆ ಚೂರು, ಕಾಲು ಜಾರಿದರೆ ಮುಂದಿನ ಅಪಾಯಿಂಟ್‌ಮೆಂಟ್ ಮೂಳೆ ಡಾಕ್ಟರದ್ದೇ.

ನೋಡುವುದು, ತಿರುಗುವುದು ಏನಿದ್ದರೂ ಡ್ರಾಪ್ಸ್‌ಗೆ ಮುಂಚೆ ಇಟ್ಟುಕೊಳ್ಳಿ. ಆಮೇಲೆ ಊಟ, ನಿದ್ದೆ, ಮನೆ ದಾರಿ.

ಮೂರನೇ ತಿರುವು:
ನನ್ನ ಅಭಿಪ್ರಾಯ ಬೇರೆ. ಆಸ್ಪತ್ರೆಗೆ ಅಂತ ಹೋದ ಮೇಲೆ ಆಸ್ಪತ್ರೆ ಕೆಲಸ ಮುಗಿಸಿ ಮನೆಗೆ ಬನ್ನಿ. ಅಮ್ಮತ್ತಿಯಿಂದ ಗೋಣಿಕೊಪ್ಪ, ತಿತಿಮತಿ, ಹುಣಸೂರು ಮೇಲೆ ಮೈಸೂರು ಮೂರು ಗಂಟೆ ದಾರಿ. ಬೆಳಿಗ್ಗೆ ಹೋಗಿ ಸಂಜೆ ಬರುವವರು ದಿನಾ ಇದ್ದಾರೆ. ವಯಸ್ಸಾದವರಿಗೆ ಹೊಸ ಹಾಸಿಗೆಯಲ್ಲಿ ನಿದ್ದೆ ಬರುವುದಿಲ್ಲ, ಹೋಟೆಲ್ ಊಟ ಒಗ್ಗುವುದಿಲ್ಲ, ಶುಗರ್ ಏರುತ್ತದೆ. ಸುಮ್ನೆ ಲಾಡ್ಜ್‌ಗೆ ದುಡ್ಡು ಸುರಿಯುವುದು ಯಾಕೆ? ಊರು ತೋರಿಸುವುದಾದರೆ ಬೇರೆ ದಿನ ಆರಾಮಾಗಿ ಹೋಗಿ.

ಕಿತ್ತಳೆ ತೋಟ:
ಆ ಬೇರೆ ದಿನ ಬರುವುದೇ ಇಲ್ಲ ಸರ್. ಕಾಫಿ ಕುಯ್ಯುವಾಗ ಆಗುವುದಿಲ್ಲ, ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವಾಗ ಆಗುವುದಿಲ್ಲ, ಸ್ಪ್ರಿಂಕ್ಲರ್ ಓಡುವಾಗ ಆಗುವುದಿಲ್ಲ, ಮಳೆಗಾಲ ಶುರುವಾದರೆ ಮುಗಿಯಿತು. ಡಾಕ್ಟರು ಟೈಮ್ ಕೊಟ್ಟರೆ ಮಾತ್ರ ನಮ್ಮ ಹೆಂಗಸರು ಪೇಟೆ ನೋಡುತ್ತಾರೆ.

ಅದೂ ಅಲ್ಲದೆ ಬೆಳಿಗ್ಗೆ ಹೋಗಿ ಸಂಜೆ ಬರುವ ಲೆಕ್ಕ ಗಂಡಸರದ್ದು. ಶುಗರ್ ಇರುವ ಹೆಂಗಸರು ದಾರಿಯಲ್ಲಿ ಒಳ್ಳೆ ಟಾಯ್ಲೆಟ್ ಸಿಗುವುದಿಲ್ಲ ಅಂತ ನೀರೇ ಕುಡಿಯದೆ ಹೊರಡುತ್ತಾರೆ. ಅಲ್ಲಿ ತಲುಪುವಷ್ಟರಲ್ಲಿ ತಲೆ ಸುತ್ತು. ಹಿಂದಿನ ದಿನ ಹೋಗಿ ಉಳಿದರೆ ಈ ಕಷ್ಟ ಇಲ್ಲ.

ಮೂರನೇ ತಿರುವು:
ನೀರಿನ ವಿಷಯ ಹೌದು, ಒಪ್ಪಿದೆ. ಉಳಿದದ್ದು ನಿಮ್ಮ ಇಷ್ಟ. ಆದರೆ ವಾಪಸ್ ಬರುವಾಗ ಆನೆಚೌಕೂರು, ತಿತಿಮತಿ ಕಾಡು ಕತ್ತಲಾಗುವ ಮುಂಚೆ ದಾಟಿ. ಮತ್ತಿಗೋಡು ಶಿಬಿರದ ಆನೆ ನೋಡಿ ಫೋಟೋ ತೆಗೆಯುವುದು ಬೇರೆ, ತಿರುವಿನಲ್ಲಿ ಕಾಡಾನೆ ನಿಂತಿರುವುದು ಬೇರೆ. ನಿಮ್ಮ ಅಮ್ಮತ್ತಿ ತೋಟದ ರಸ್ತೆಯಲ್ಲೂ ಸಂಜೆ ಆದ ಮೇಲೆ ಏನು ಕಥೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಹಿನಕಲ್ ಸರ್ಕಲ್:
ಒಂದು ಕೆಲಸ ಮಾಡಿ ಅಕ್ಕ. ಅಪಾಯಿಂಟ್‌ಮೆಂಟ್ ಸೋಮವಾರಕ್ಕೆ ಸಿಗುತ್ತದಾ ಅಂತ ಫೋನ್ ಮಾಡಿ ಕೇಳಿ. ಸಿಕ್ಕರೆ ಭಾನುವಾರ ಬೆಳಿಗ್ಗೆ ಹೊರಡಬಹುದು. ಭಾನುವಾರ ಝೂ ಇದೆ. ಮುಖ್ಯವಾಗಿ, ಭಾನುವಾರ ಸಂಜೆ 7ಕ್ಕೆ ಅರಮನೆ ದೀಪ ಹಾಕುತ್ತಾರೆ. ಭಾನುವಾರ ಮತ್ತು ಸರ್ಕಾರಿ ರಜೆ ದಿನ ಆ ಭಾಗ್ಯ, ಬೇರೆ ದಿನ ಸೌಂಡ್ ಅಂಡ್ ಲೈಟ್ ಶೋ ಮುಗಿದ ಮೇಲೆ ಸ್ವಲ್ಪ ಹೊತ್ತು ಅಷ್ಟೇ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಎಲ್ಲ ಒಟ್ಟಿಗೆ ಹತ್ತಿದಾಗ ಅಲ್ಲಿ ನಿಂತ ಜನ ಎಲ್ಲ ಒಂದು ಸಲ "ಓ" ಅನ್ನುತ್ತಾರೆ ನೋಡಿ, ಮೈಸೂರಲ್ಲೇ ಇರುವ ನಾನೂ ಅನ್ನುತ್ತೇನೆ. ನಿಮ್ಮ ಪ್ಲಾನ್ ಪ್ರಕಾರ ಮಂಗಳವಾರ ಬಂದರೆ ಅದೂ ಪೂರ್ತಿ ಸಿಗುವುದಿಲ್ಲ, ಝೂನೂ ಇಲ್ಲ.

ಭಾನುವಾರ ಜನ ಇರುತ್ತಾರೆ, ನಿಜ. ಆರೂವರೆಗೆ ಒಳಗೆ ಹೋಗಿ ಅವ್ವನಿಗೆ ಕೂರಲು ಒಂದು ಜಾಗ ಹಿಡಿಯಿರಿ. ಕಾರು ಲಾಡ್ಜ್‌ನಲ್ಲೇ ಬಿಟ್ಟು ಆಟೋದಲ್ಲಿ ಬನ್ನಿ. ದೀಪ ಆರಿದ ಮೇಲೆ ಎಲ್ಲರೂ ಒಂದೇ ಸಲ ಹೊರಗೆ ಬರುತ್ತಾರೆ, ಪಾರ್ಕಿಂಗ್‌ನಿಂದ ಕಾರು ತೆಗೆಯುವಷ್ಟರಲ್ಲಿ ಸಾಕಾಗಿ ಹೋಗುತ್ತದೆ.

ಸಂಪಾಜೆ ಘಾಟಿ:
ಎಲ್ಲರೂ ಮೈಸೂರು ಮೈಸೂರು ಅನ್ನುತ್ತೀರಿ. ಮಂಗಳೂರು ಯಾಕೆ ಬೇಡ? ಆಸ್ಪತ್ರೆಗಳಿಗೆ ಅಲ್ಲಿ ಏನು ಕಮ್ಮಿ? ವೆನ್‌ಲಾಕ್ ಇದೆ, ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಇದೆ, ಕೆಎಂಸಿ ಇದೆ. ಕೆಲಸ ಮುಗಿದ ಮೇಲೆ ಒಂದು ಗಡ್‌ಬಡ್ ಐಸ್‌ಕ್ರೀಮ್ ತಿಂದು ಪಣಂಬೂರಲ್ಲಿ ಸಮುದ್ರ ನೋಡಿಕೊಂಡು ಬರಬಹುದು. ಡ್ರಾಪ್ಸ್ ಹಾಕಿದ ಕಣ್ಣಿಗೂ ಸಮುದ್ರದ ಸದ್ದು ಕೇಳುತ್ತದಲ್ವಾ.

ರೋಬಸ್ಟಾ ಮನೆ:
ಶುಗರ್ ಇರುವವರಿಗೆ ಗಡ್‌ಬಡ್ ಹೇಳುತ್ತೀರಲ್ಲ ಅಣ್ಣ. ನಮಗೆ ಅಮ್ಮತ್ತಿಯಿಂದ ಮಂಗಳೂರು ತುಂಬಾ ಸುತ್ತು. ಮತ್ತೆ ಅವ್ವನಿಗೆ ಘಾಟಿ ಅಂದರೆ ವಾಂತಿ.

ಸಂಪಾಜೆ ಘಾಟಿ:
ಮಡಿಕೇರಿ, ಸಂಪಾಜೆ ಕಡೆಯವರು ಓದುತ್ತಿದ್ದರೆ ಅವರಿಗೆ ಅಂತ ಹೇಳಿದೆ ಅಷ್ಟೇ. ಈ ತಿಂಗಳಲ್ಲಿ ದಾರಿ ಚೆನ್ನಾಗಿದೆ. ಜೂನ್ ಆದ ಮೇಲೆ ಮಾತ್ರ ಹೊರಡುವ ಮುಂಚೆ ರಸ್ತೆ ಕೇಳಿಕೊಂಡು ಹೊರಡಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಬಂದದ್ದು ನೋಡಿದವರಿಗೆ ಮಳೆಗಾಲದಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವುದೇ ಭಯ. ಮಳೆಗಾಲದ್ದು ಆದರೆ ಮುಂದೂಡಲು ಆಗುತ್ತದಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ವಾಂತಿ ಮಾತ್ರೆ ಹೊರಡುವ ಅರ್ಧ ಮುಕ್ಕಾಲು ಗಂಟೆ ಮುಂಚೆ ಕೊಡಬೇಕು. ವಾಂತಿ ಶುರುವಾದ ಮೇಲೆ ಕೊಟ್ಟರೆ ಅದೂ ಹೊರಗೆ. ವಯಸ್ಸಾದವರಿಗೆ ಯಾವುದು ಕೊಡಬಹುದು ಅಂತ ಡಾಕ್ಟರನ್ನೇ ಕೇಳಿ, ಕೆಲವು ಮಾತ್ರೆ ತುಂಬಾ ನಿದ್ದೆ ಬರಿಸುತ್ತವೆ.

ರೋಬಸ್ಟಾ ಮನೆ:
ಫೋನ್ ಮಾಡಿದೆ. ಸೋಮವಾರ ಬೆಳಿಗ್ಗೆ 9:30ಕ್ಕೆ ಇದೆ ಅಂದರು! ಬದಲಾಯಿಸಿಕೊಂಡೆ.

ಈಗ ಹೊಸ ಸಮಸ್ಯೆ. ಝೂ ಅಂತ ನಾನು ಅಂದುಕೊಂಡಿದ್ದೆ, ಅವ್ವನನ್ನು ಇವತ್ತು ಕೇಳಿದರೆ ಝೂ ಬೇಡವಂತೆ. ಆನೆ ನೋಡಲು ಮೈಸೂರಿಗೆ ಹೋಗಬೇಕಾ, ಬೇಲಿ ಮುರಿದುಕೊಂಡು ಇಲ್ಲಿಗೇ ಬರುತ್ತದಲ್ಲ ಅಂದರು. ಅವರಿಗೆ ಬೇಕಾಗಿರುವುದು ಏಪ್ರಿಲ್ ಮದುವೆಗೆ ಒಂದು ಮೈಸೂರು ಸಿಲ್ಕ್ ಸೀರೆ. ಇಷ್ಟು ದಿನ ಯಾರ ಹತ್ತಿರವೂ ಹೇಳಿರಲಿಲ್ಲ. ದೀಪ ನೋಡುತ್ತೇನೆ ಅಂದರು, ಬೆಟ್ಟ ಆದರೆ ಆಯಿತು ಇಲ್ಲದಿದ್ದರೆ ಬೇಡ ಅಂದರು.

ಕಿತ್ತಳೆ ತೋಟ:
ಸೀರೆ ಭಾನುವಾರವೇ ತೆಗೆದುಕೊಳ್ಳಿ! ಸೋಮವಾರ ಡ್ರಾಪ್ಸ್ ಆದ ಮೇಲೆ ಅಂಗಡಿಗೆ ಹೋದರೆ ಬಣ್ಣ ಸರಿಯಾಗಿ ಕಾಣುವುದಿಲ್ಲ, ಜರಿ ಹೊಳೆದರೆ ಕಣ್ಣಲ್ಲಿ ನೀರು. ಮನೆಗೆ ಬಂದು ನೋಡಿ "ನಾನು ಕೇಳಿದ ಬಣ್ಣ ಇದಲ್ಲ" ಅಂತ ನಿಮಗೆ ಬೈಗುಳ.

ಹಿನಕಲ್ ಸರ್ಕಲ್:
ಹಾಹಾ ಸರಿ. ಮೈಸೂರು ಸಿಲ್ಕ್ ಅಂದರೆ ಕೆಎಸ್‌ಐಸಿ (ಸರ್ಕಾರದ ರೇಷ್ಮೆ ನಿಗಮ) ಅಂಗಡಿಯದ್ದೇ ತೆಗೆದುಕೊಳ್ಳಿ, ಮಾನಂದವಾಡಿ ರಸ್ತೆಯಲ್ಲಿ ಅವರ ಕಾರ್ಖಾನೆ ಇದೆ, 1912ರಿಂದ ನಡೆಯುತ್ತಿರುವುದು, ಅಲ್ಲೇ ಮಾರಾಟವೂ ಇದೆ. ಊರಲ್ಲಿ ಬೇರೆ ಮಳಿಗೆಗಳೂ ಇವೆ. ಭಾನುವಾರ ಯಾವುದು ತೆರೆದಿರುತ್ತದೆ, ಸ್ಟಾಕ್ ಇದೆಯಾ ಅಂತ ಶನಿವಾರವೇ ಫೋನ್ ಮಾಡಿ ಕೇಳಿ. ಈಗೀಗ ಸೀರೆಗೆ ಕ್ಯೂ ನಿಲ್ಲುತ್ತಾರೆ, ಸ್ಟಾಕ್ ಬಂದ ದಿನವೇ ಖಾಲಿ ಆಗುವುದೂ ಇದೆ. ಆಟೋದವರು "ಅದು ಮುಚ್ಚಿದೆ, ಇಲ್ಲಿ ಅದೇ ಸೀರೆ ಕಮ್ಮಿಗೆ ಸಿಗುತ್ತದೆ" ಅಂತ ಎಲ್ಲೆಲ್ಲೋ ಕರೆದುಕೊಂಡು ಹೋದರೆ ಇಳಿಯಬೇಡಿ.

ದೇವರಾಜ ಮಾರ್ಕೆಟ್ಟೂ ಭಾನುವಾರ ಮಧ್ಯಾಹ್ನವೇ ನೋಡಿಬಿಡಿ. ಪೂರ್ತಿ ಸುತ್ತುವುದು ಬೇಡ. ಸಯ್ಯಾಜಿರಾವ್ ರಸ್ತೆ ಕಡೆಯಿಂದ ಹೊಕ್ಕು ಹೂವು, ವೀಳ್ಯದೆಲೆ, ಕುಂಕುಮದ ಸಾಲು ನೋಡಿ ಹೊರಗೆ ಬಂದರೆ ಸಾಕು. ಹಳೆ ಕಟ್ಟಡ, 2016ರಲ್ಲಿ ಒಂದು ಭಾಗ ಕುಸಿದೇ ಬಿತ್ತು. ಅವ್ವನ ಕೈ ಹಿಡಿದುಕೊಂಡೇ ನಡೆಯಿರಿ.

ಸುಂಟಿಕೊಪ್ಪ ಬಸ್ಸು:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದೂ ಇಂಥದ್ದೇ, ಆದರೆ ಬೆಂಗಳೂರು. ಚಿಕ್ಕಮ್ಮನಿಗೆ ನಿಮ್ಹಾನ್ಸ್‌ನಲ್ಲಿ ತೋರಿಸಬೇಕು, ಎಂಆರ್‌ಐ ಹೇಳಬಹುದು ಅಂದಿದ್ದಾರೆ. ಕಾರಿಲ್ಲ, ಬಸ್ಸಲ್ಲೇ ಹೋಗಬೇಕು. ಮೆಜೆಸ್ಟಿಕ್‌ವರೆಗೆ ಹೋಗಿ ಅಲ್ಲಿಂದ ಆಟೋ ಹಿಡಿಯುವುದಾ?

ಕೆಂಗೇರಿ ಕೊಡಗಿನವ:
ಮೆಜೆಸ್ಟಿಕ್‌ವರೆಗೆ ಬಸ್ಸಲ್ಲಿ ಕೂರಬೇಡಿ. ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದ ಮೇಲೆ ಮೈಸೂರಿಂದ ಇಲ್ಲಿಗೆ ಬೇಗ ಬರುತ್ತೀರಿ, ಅದರ ಅರ್ಧ ಹೊತ್ತು ಕೆಂಗೇರಿಯಿಂದ ಮೆಜೆಸ್ಟಿಕ್‌ಗೆ ಬೇಕು. ಕೆಂಗೇರಿಯಲ್ಲಿ ನಿಲ್ಲಿಸುವ ಬಸ್ಸಾ ಅಂತ ಕಂಡಕ್ಟರನ್ನು ಕೇಳಿ ಅಲ್ಲೇ ಇಳಿಯಿರಿ. ನೇರಳೆ ಮಾರ್ಗದ ಮೆಟ್ರೋ ಹತ್ತಿ ಮೆಜೆಸ್ಟಿಕ್, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಲಾಲ್‌ಬಾಗ್ ಸ್ಟೇಷನ್, ಅಲ್ಲಿಂದ ನಿಮ್ಹಾನ್ಸ್‌ಗೆ ಆಟೋ. ಲಿಫ್ಟ್ ಎಲ್ಲ ಕಡೆ ಇದೆ. ಮೆಜೆಸ್ಟಿಕ್‌ನಲ್ಲಿ ಬದಲಾಯಿಸುವಾಗ ಬೆಳಿಗ್ಗೆ 9ರ ಹೊತ್ತಿನ ನೂಕುನುಗ್ಗಲು ಮಾತ್ರ ಬೇಡ. ಅದಕ್ಕೇ ಹಿಂದಿನ ದಿನ ಬಂದು ಆಸ್ಪತ್ರೆ ಹತ್ತಿರ ಉಳಿಯುವುದು ಒಳ್ಳೆಯದು, ಒಪಿಡಿಗೆ ಬೆಳಿಗ್ಗೆ ಬೇಗ ಹೋದಷ್ಟೂ ಒಳ್ಳೆಯದು.

ಹೃದಯಕ್ಕೆ ಜಯದೇವ ಆಸ್ಪತ್ರೆಗೆ ಬರುವವರಿಗೆ ಈಗ ಇನ್ನೂ ಸುಲಭ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಯಿತು, ಆರ್.ವಿ. ರೋಡ್‌ನಲ್ಲಿ ಬದಲಾಯಿಸಿದರೆ ಆಸ್ಪತ್ರೆ ಹೆಸರಿನದ್ದೇ ಸ್ಟೇಷನ್. ಅಂದಹಾಗೆ ಮೈಸೂರಲ್ಲೇ ಕೆಆರ್‌ಎಸ್ ರಸ್ತೆಯಲ್ಲಿ ಜಯದೇವದ ಶಾಖೆ ಇದೆ. ನಮ್ಮ ಕಡೆಯವರು ಅದನ್ನು ದಾಟಿ ಬೆಂಗಳೂರಿಗೆ ಬರುತ್ತಾರೆ. ಡಾಕ್ಟರು ಬೆಂಗಳೂರೇ ಬೇಕು ಅಂದರೆ ಸರಿ, ಇಲ್ಲದಿದ್ದರೆ ಯಾಕೆ?

ಎಂಆರ್‌ಐ ಇದ್ದರೆ ಚಿಕ್ಕಮ್ಮನ ಕರಿಮಣಿ, ಪತ್ತಾಕ್, ಬಳೆ ಎಲ್ಲ ಊರಲ್ಲೇ ಬಿಟ್ಟು ಬನ್ನಿ. ಒಳಗೆ ಲೋಹ ಬಿಡುವುದಿಲ್ಲ. ಅಲ್ಲಿ ಬಿಚ್ಚಿ ಕರ್ಚೀಫಿನಲ್ಲಿ ಕಟ್ಟಿ ಯಾರ ಕೈಗೋ ಕೊಟ್ಟು ಮಶಿನ್ ಒಳಗೆ ಅದರದ್ದೇ ಚಿಂತೆ ಮಾಡುತ್ತಾ ಮಲಗುವುದು ಬೇಡ. ಪೇಸ್‌ಮೇಕರ್, ಕಾಲಲ್ಲಿ ರಾಡ್, ಪ್ಲೇಟ್ ಏನಾದರೂ ಇದ್ದರೆ ಬುಕ್ ಮಾಡುವಾಗಲೇ ಹೇಳಬೇಕು.

ಸುಂಟಿಕೊಪ್ಪ ಬಸ್ಸು:
ತುಂಬಾ ಉಪಕಾರ ಆಯಿತು ಅಣ್ಣ. ಚಿಕ್ಕಮ್ಮನಿಗೆ ಶಕ್ತಿ ಬಸ್ಸಲ್ಲಿ ಫ್ರೀ ಇದೆಯಲ್ಲ, ಬೆಂಗಳೂರುವರೆಗೂ ನಡೆಯುತ್ತದಾ?

ಕೆಂಗೇರಿ ಕೊಡಗಿನವ:
ನಡೆಯುತ್ತದೆ. ಆದರೆ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸಲ್ಲಿ ಮಾತ್ರ, ರಾಜಹಂಸ, ಐರಾವತದಲ್ಲಿ ಇಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಇಟ್ಟುಕೊಳ್ಳಲಿ. ನನ್ನ ಕೇಳಿದರೆ ಹೋಗುವಾಗ ಫ್ರೀ ಬಸ್ಸು ಸರಿ. ಚಿಕ್ಕಮ್ಮನನ್ನು ಪರೀಕ್ಷೆ ಎಲ್ಲ ಮುಗಿದು ಸುಸ್ತಾಗಿರುವಾಗ ರಶ್ ಬಸ್ಸಲ್ಲಿ ಕೂರಿಸಬೇಡಿ, ಬರುವಾಗ ಸೀಟ್ ಬುಕ್ ಮಾಡಿ.

ಟೈಮ್ ಮಿಕ್ಕಿದರೆ ಲಾಲ್‌ಬಾಗ್ ಒಂದು ಸಾಕು. ಗಾಜಿನ ಮನೆ 1889ರದ್ದು, ಅದರ ಸುತ್ತ ನೆರಳಲ್ಲಿ ಕೂತರೆ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ದೋಸೆಗೆ ಗಾಂಧಿಬಜಾರ್ ವಿದ್ಯಾರ್ಥಿ ಭವನಕ್ಕೆ ಹೋಗುವುದಾದರೆ ಶುಕ್ರವಾರ ಬೇಡ, ಅವತ್ತು ರಜೆ.

ಮೂರನೇ ತಿರುವು:
ಅಮ್ಮತ್ತಿ ತಂಗಿಗೆ ಇನ್ನೊಂದು. ಲಾಡ್ಜ್ ಬುಕ್ ಮಾಡುವಾಗ ಫೋಟೋ ನೋಡಿ ಮರುಳಾಗಬೇಡಿ. ನಮ್ಮ ಮನೆಯವಳ ಮಂಡಿ ಆಪರೇಷನ್ ಆದ ಮೇಲೆ ಚೆಕಪ್‌ಗೆ ಹೋದಾಗ ಒಂದು ಕಡೆ ಲಿಫ್ಟ್ ಇದೆ ಅಂತ ಬರೆದಿತ್ತು. ಹೋದರೆ ಲಿಫ್ಟ್ ಇದೆ, ಅದರ ಮುಂದೆ "ರಿಪೇರಿಯಲ್ಲಿದೆ" ಅಂತ ಬೋರ್ಡೂ ಇದೆ, ಬೋರ್ಡಿನ ಮೇಲೆ ಧೂಳೂ ಇದೆ. ಮೂರನೇ ಮಹಡಿ. ಫೋನ್ ಮಾಡಿ ಕೇಳಿ: ನೆಲಮಹಡಿ ರೂಮ್ ಇದೆಯಾ, ವೆಸ್ಟರ್ನ್ ಕಮೋಡ್ ಇದೆಯಾ, ಬಿಸಿನೀರು ಬೆಳಿಗ್ಗೆ ಎಷ್ಟು ಗಂಟೆಗೆ. 9:30ರ ಟೈಮ್‌ಗೆ 8ಕ್ಕೆ ಬಿಸಿನೀರು ಬಂದರೆ ಏನು ಪ್ರಯೋಜನ?

ರೋಬಸ್ಟಾ ಮನೆ:
ಉಳಿಯಬೇಡಿ ಅಂದವರು ನೀವೇ, ಲಾಡ್ಜ್ ವಿಷಯ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವವರೂ ನೀವೇ 😄

ಲಾಡ್ಜ್ ಅರಮನೆ ಹತ್ತಿರ ಮಾಡುವುದಾ, ಆಸ್ಪತ್ರೆ ಹತ್ತಿರ ಮಾಡುವುದಾ?

ಹಿನಕಲ್ ಸರ್ಕಲ್:
ಆಸ್ಪತ್ರೆ ಹತ್ತಿರ. ಸಂಜೆ ಅರಮನೆಯಿಂದ ಆಟೋದಲ್ಲಿ ಬರುವಾಗ ಹತ್ತು ನಿಮಿಷ ತಡವಾದರೆ ಯಾರೂ ಬೈಯುವುದಿಲ್ಲ. ಸೋಮವಾರ ಬೆಳಿಗ್ಗೆ ಶಾಲೆ, ಆಫೀಸ್ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡರೆ ನಿಮ್ಮ ಟೋಕನ್ ಹಿಂದೆ ಹೋಗುತ್ತದೆ. ಮತ್ತೆ ಮಧ್ಯಾಹ್ನ ಅವ್ವ ಸ್ವಲ್ಪ ಹೊತ್ತು ಮಲಗಬೇಕು ಅಂದರೆ ರೂಮ್ ಹತ್ತಿರ ಇದ್ದರೆ ಅನುಕೂಲ. ಚೆಕ್‌ಔಟ್ ಮಧ್ಯಾಹ್ನ 2ರವರೆಗೆ ಬಿಡುತ್ತೀರಾ, ಆಸ್ಪತ್ರೆ ಕೆಲಸ ಅಂತ ಕೇಳಿ. ಎಷ್ಟೋ ಕಡೆ ಒಪ್ಪುತ್ತಾರೆ.

ಕಿತ್ತಳೆ ತೋಟ:
ಆಸ್ಪತ್ರೆಗೆ ಏನು ಒಯ್ಯಬೇಕು ಅಂತ ಯಾರೂ ಹೇಳಲಿಲ್ಲ. ಹಳೆ ಕನ್ನಡಕ, ಹಳೆ ಚೀಟಿ ಎಲ್ಲ. ಮಾತ್ರೆ ಹೆಸರು ಬಾಯಲ್ಲಿ ಹೇಳುವುದಲ್ಲ, "ಬಿಳಿ ಮಾತ್ರೆ, ಅರ್ಧ" ಅಂದರೆ ಯಾರಿಗೆ ಗೊತ್ತಾಗುತ್ತದೆ, ಸ್ಟ್ರಿಪ್ಪನ್ನೇ ತೆಗೆದುಕೊಂಡು ಹೋಗಿ. ಇತ್ತೀಚಿನ ಶುಗರ್, ಬಿಪಿ, ಕ್ರಿಯಾಟಿನಿನ್ ರಿಪೋರ್ಟ್ ಬೇಕು. ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿಲ್ಲದಿದ್ದರೆ ಈ ವಾರ ಊರಲ್ಲೇ ಮಾಡಿಸಿ, ಅದಕ್ಕೆ ಖಾಲಿ ಹೊಟ್ಟೆ ಬೇಡ. ಕಣ್ಣಿನೊಳಗೆ ಪ್ರೆಷರ್ ಇದೆ, ಗ್ಲಾಕೋಮಾ ಇದೆ ಅಂತ ಯಾರಾದರೂ ಹಿಂದೆ ಹೇಳಿದ್ದರೆ ಡ್ರಾಪ್ಸ್ ಹಾಕುವ ಮುಂಚೆ ತಿಳಿಸಬೇಕು.

ರೆಟಿನಾ ನೋಡುವುದಕ್ಕೆ ಉಪವಾಸ ಬೇಕಾಗಿಲ್ಲ. ಆಸ್ಪತ್ರೆ ಅಂದ ಕೂಡಲೇ ನಮ್ಮವರು ಏನೂ ತಿನ್ನದೆ ಹೊರಡುತ್ತಾರೆ, ಶುಗರ್ ಮಾತ್ರೆ ಮಾತ್ರ ನುಂಗಿರುತ್ತಾರೆ, ಬೆಂಚಲ್ಲಿ ಕೂತಲ್ಲೇ ಬೆವರಿ ನಡುಗುತ್ತಾರೆ. ತಿಂಡಿ ತಿನ್ನಿಸಿ, ಬಿಪಿ ಮಾತ್ರೆ, ಶುಗರ್ ಮಾತ್ರೆ ಯಾವತ್ತಿನ ಹಾಗೆ ಕೊಡಿ. ಆಸ್ಪತ್ರೆಯವರೇ ಬೇರೆ ಹೇಳಿದ್ದರೆ ಅವರ ಮಾತು ಕೇಳಿ. ಚೀಲದಲ್ಲಿ ಗ್ಲೂಕೋಸ್ ಅಥವಾ ಮೂರು ಚಮಚ ಸಕ್ಕರೆ ಕಟ್ಟಿಟ್ಟುಕೊಳ್ಳಿ. ಇನ್ಸುಲಿನ್ ಇದ್ದರೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ.

ಇನ್ನು ಒಂದು ಸಾಧ್ಯತೆ. ನೋಡಿದ ಡಾಕ್ಟರು ರಕ್ತನಾಳದ ಫೋಟೋ ತೆಗೆಯೋಣ ಅಂತ ಕೈಗೆ ಬಣ್ಣದ ಇಂಜೆಕ್ಷನ್ ಕೊಡಬಹುದು. ಆಮೇಲೆ ಒಂದು ದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ಹೋಗುತ್ತದೆ, ಮೈ ಸ್ವಲ್ಪ ಹಳದಿ ಕಾಣುತ್ತದೆ. ಕಾಮಾಲೆ ಅಂತ ಗಾಬರಿ ಬೇಡ. ಲೇಸರ್ ಅಥವಾ ಕಣ್ಣಿಗೇ ಇಂಜೆಕ್ಷನ್ ಬೇಕು ಅಂತಲೂ ಅನ್ನಬಹುದು, ಕೆಲವು ಕಡೆ ಅವತ್ತೇ ಮಾಡುತ್ತಾರೆ. ಇಂಜೆಕ್ಷನ್ ಆದರೆ ಕೆಲವು ದಿನ ಕಣ್ಣಿಗೆ ನೀರು ಬೀಳಬಾರದು, ತಲೆಸ್ನಾನ ಇಲ್ಲ. ಮನೆಗೆ ಬಂದ ಮೇಲೆ ನೋವು, ಕೆಂಪು ಜಾಸ್ತಿ ಆದರೆ ಅಥವಾ ದೃಷ್ಟಿ ಕಮ್ಮಿ ಆದರೆ ನಾಳೆ ನೋಡೋಣ ಅನ್ನಬೇಡಿ, ತಕ್ಷಣ ಅವರಿಗೆ ಫೋನ್ ಮಾಡಿ. ಹೀಗಾಗಿ ಸೋಮವಾರ ಮಧ್ಯಾಹ್ನಕ್ಕೆ ಬೆಟ್ಟ ಗಿಟ್ಟ ಏನೂ ಇಟ್ಟುಕೊಳ್ಳಬೇಡಿ, ಇನ್ನೊಂದು ರಾತ್ರಿ ಉಳಿಯಬೇಕಾದರೆ ಒಂದು ಜೊತೆ ಬಟ್ಟೆ ಜಾಸ್ತಿ ಇರಲಿ.

ಸಂಪಾಜೆ ಘಾಟಿ:
ಆಯುಷ್ಮಾನ್ ಕಾರ್ಡ್ ನಡೆಯುತ್ತದಾ ಇದಕ್ಕೆಲ್ಲ?

ಕಿತ್ತಳೆ ತೋಟ:
ಸುಮ್ನೆ ತೋರಿಸಿಕೊಂಡು ಬರುವುದಕ್ಕೆ ಕೈಯಿಂದಲೇ ಕೊಡಬೇಕು. ಯೋಜನೆಯ ಪಟ್ಟಿಯಲ್ಲಿರುವ ಚಿಕಿತ್ಸೆಗೆ ನಡೆಯುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಖರ್ಚಿನ ಶೇ. 30, ಅದೂ 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಮೈಸೂರಲ್ಲಿ ಡಾಕ್ಟರ ಮುಂದೆ ಕೂತಾಗ ನೆನಪಾದರೆ ಚೀಟಿಗೆ ಮತ್ತೆ ಮಡಿಕೇರಿಗೆ ಓಡಬೇಕು. ಮೊದಲೇ ಕೇಳಿಕೊಳ್ಳಿ.

ರೋಬಸ್ಟಾ ಮನೆ:
ಸರಿ, ಈಗ ಹೀಗೆ ಮಾಡಿದ್ದೇನೆ. ಶನಿವಾರ ತೋಟದ ಆಳುಗಳ ಬಟವಾಡೆ ಮುಗಿಸಿ ಚೀಲ ಕಟ್ಟುವುದು. ಭಾನುವಾರ ತಿಂಡಿ ಆದ ಮೇಲೆ ಹೊರಟು ಹುಣಸೂರಲ್ಲಿ ಒಂದು ಕಾಫಿ. ಸೀರೆ ಮಳಿಗೆ ಮೊದಲು, ಮಾರ್ಕೆಟ್ ಅರ್ಧ ಗಂಟೆ, ರೂಮಿಗೆ ಹೋಗಿ ಅವ್ವ ಮಲಗುವುದು. ಸಂಜೆ ಆಟೋದಲ್ಲಿ ಅರಮನೆ. ಸೋಮವಾರ ಆಸ್ಪತ್ರೆ, ಊಟ, ರೂಮಲ್ಲಿ ಸ್ವಲ್ಪ ವಿಶ್ರಾಂತಿ. 2ಕ್ಕೆ ಹೊರಟರೆ ಕಾಡು ಬೆಳಕಿರುವಾಗಲೇ ದಾಟುತ್ತೇವೆ. ಝೂ ಇಲ್ಲ, ಬೆಟ್ಟ ಇಲ್ಲ. ಕಾರಲ್ಲಿ ಹೋಗುವಾಗ ಅವ್ವ ದೂರದಿಂದಲೇ ಬೆಟ್ಟಕ್ಕೆ ಕೈ ಮುಗಿಯುತ್ತಾರಂತೆ.

ಅವ್ವನಿಗೆ ಕಪ್ಪು ಕನ್ನಡಕ ಬೇಕು ಅಂತ ಮಗನದ್ದು ತೆಗೆದು ಕೊಟ್ಟೆ. ಹಾಕಿಕೊಂಡು ಕನ್ನಡಿ ಮುಂದೆ ನಿಂತು "ಇದರಲ್ಲೇ ಮದುವೆಗೂ ಹೋಗಲಾ" ಅಂದರು.

ಕಿತ್ತಳೆ ತೋಟ:
ಕೊಡೆಯೂ ಒಂದು ಇರಲಿ. ಕಪ್ಪು ಕನ್ನಡಕದ ಪಕ್ಕದಿಂದ ಬಿಸಿಲು ನುಗ್ಗುತ್ತದೆ.

ಮೂರನೇ ತಿರುವು:
ಕಣದ ಕಾಫಿಗೆ ಯಜಮಾನರಿದ್ದಾರೆ, ಅವರ ಊಟಕ್ಕೆ ಯಾರು?

ರೋಬಸ್ಟಾ ಮನೆ:
ಅವರಿಗೆ ಅಡುಗೆ ಬರುತ್ತದೆ ಸರ್.

ಪೊನ್ನಂಪೇಟೆ ಪೋಸ್ಟ್:
ಅಕ್ಕ, ಇಷ್ಟೊತ್ತು ಸುಮ್ನೆ ಓದುತ್ತಿದ್ದೆ. ಸೋಮವಾರವೇ ಅಪ್ಪನಿಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಮಶಿನ್ ಸರಿ ಮಾಡಿಸುವುದಿದೆ. ಹೋಗುವಾಗ ಬೆಳಿಗ್ಗೆ ಬಸ್ಸಲ್ಲಿ ಹೋಗುತ್ತೇವೆ. ಬರುವಾಗ ನಿಮ್ಮ ಕಾರಲ್ಲಿ ಗೋಣಿಕೊಪ್ಪದವರೆಗೆ ಜಾಗ ಇದೆಯಾ? ಪೆಟ್ರೋಲ್ ಖರ್ಚಿಗೆ ಸೇರುತ್ತೇವೆ.

ರೋಬಸ್ಟಾ ಮನೆ:
ಜಾಗ ಇದೆ ತಮ್ಮಾ, ಪೆಟ್ರೋಲ್ ಮಾತೆಲ್ಲ ಬೇಡ. ಹಿಂದಿನ ಸೀಟಲ್ಲಿ ಅವ್ವ ಮಲಗಿದರೆ ಮಾತ್ರ ನೀನು ಮೂಲೆಗೆ ಒತ್ತಿಕೊಂಡು ಕೂರಬೇಕು, ಅಪ್ಪ ಮುಂದೆ ಕೂರಲಿ. ಹುಣಸೂರು ರಸ್ತೆಯಲ್ಲಿ ಎಲ್ಲಿ ನಿಂತರೆ ಕಾರು ನಿಲ್ಲಿಸಬಹುದು? ನನಗೆ ಆ ಕಡೆ ಅಷ್ಟು ಗೊತ್ತಿಲ್ಲ.

ಹಿನಕಲ್ ಸರ್ಕಲ್:
ಕಲಾಮಂದಿರದ ಹತ್ತಿರ ನಿಲ್ಲಿಸಬೇಡಿ, ಟ್ರಾಫಿಕ್. ಅವರು ಆಟೋದಲ್ಲಿ ಹಿನಕಲ್‌ಗೆ ಬಂದು ರಿಂಗ್ ರೋಡ್ ದಾಟಿದ ಮೇಲಿನ ಬಸ್ ಸ್ಟಾಪಲ್ಲಿ ನಿಲ್ಲಲಿ, ನೀವೂ ರಿಂಗ್ ರೋಡ್ ಹಿಡಿದೇ ಬನ್ನಿ, ಊರೊಳಗೆ ಹೋಗುವುದೇ ಬೇಡ.

ಪೊನ್ನಂಪೇಟೆ ಪೋಸ್ಟ್:
ಆಯಿತು ಅಕ್ಕ, ಎರಡೂವರೆಗೆ ಹಿನಕಲ್‌ನಲ್ಲಿ ಇರುತ್ತೇವೆ. ನಂಬರ್ ಮೆಸೇಜಲ್ಲಿ ಕಳಿಸುತ್ತೇನೆ. ಅಪ್ಪನಿಗೆ ಮಶಿನ್ ಹೊಸದಾಗಿ ಸರಿಯಾಗಿರುತ್ತದೆ, ದಾರಿ ಉದ್ದಕ್ಕೂ ಮಾತಾಡುತ್ತಾರೆ, ಮೊದಲೇ ಹೇಳಿದ್ದೇನೆ.